ಸಿನೆಮಾ ನೋಡಿ ಬಂದವರಿಗೆ ಒಂದು ಪ್ರಶ್ನೆ: ಪಹಣಿ ಯಾರ ಹೆಸರಿಗೆ?

ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ, ಸುಳ್ಯದ ಹೋಟೆಲುಗಳಲ್ಲಿ, ಕಡಬ ಪೇಟೆಯ ಅಂಗಡಿ ಜಗಲಿಗಳಲ್ಲಿ ಜನ ಎರಡು ಸಂಗತಿಗಳ ಬಗ್ಗೆ ಸ್ವರ ಎತ್ತಿ ಮಾತನಾಡುತ್ತಾರೆ. ಒಂದು ಅಡಿಕೆಯ ಧಾರಣೆ. ಇನ್ನೊಂದು ನೋಡಿ ಬಂದ ಸಿನೆಮಾ. ಅಡಿಕೆಯ ಮಾತಿನಲ್ಲಿ ನಮ್ಮವರು ಬಹಳ ಜಾಣರು. ಧಾರಣೆ ಏರಿದರೆ ಲಾಭ ಯಾರ ಕಿಸೆಗೆ, ಇಳಿದರೆ ಪೆಟ್ಟು ಯಾರ ಬೆನ್ನಿಗೆ ಎಂಬುದನ್ನು ಒಂದು ಚಹಾ ಮುಗಿಯುವುದರೊಳಗೆ ಬಿಡಿಸಿ ಹೇಳುತ್ತಾರೆ. ಸಿನೆಮಾದ ಮಾತು ಬಂದೊಡನೆ ಈ ಜಾಣತನ ಎಲ್ಲಿ ಅಡಗುತ್ತದೋ! "ಮೊದಲ ದಿನವೇ ಇಷ್ಟು ಕೋಟಿ, ವಾರದಲ್ಲಿ ಅಷ್ಟು ಕೋಟಿ" ಎಂದು ಮಿಲ್ಲಿನ ಕೂಲಿಕಾರ ಎದೆಯುಬ್ಬಿಸುತ್ತಾನೆ. ಆ ಕೋಟಿಯಲ್ಲಿ ಅವನ ಪಾಲು ಯಾವುದು? ಟಿಕೆಟಿಗೆ ಅವನು ಕೊಟ್ಟ ಹಣ. ಧಣಿಯ ಕಣಜ ತುಂಬಿತೆಂದು ಹಸಿದ ಒಕ್ಕಲು ಕುಣಿದ ಹಾಗಾಯಿತು ಇದು!

ಸಿನೆಮಾ ನೋಡುವುದು ತಪ್ಪೆಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ದಿನವಿಡೀ ಯಂತ್ರದ ಎದುರು ನಿಂತವನಿಗೆ, ಅಂಗಡಿಯ ಗಲ್ಲದ ಮುಂದೆ ಕೂತವನಿಗೆ ಎರಡು ಗಂಟೆಯ ನಗು ಬೇಕು, ಅಳು ಬೇಕು. ಅದು ಅವನ ಹಕ್ಕು. "ಸಿನೆಮಾ ಎಂದರೆ ಜನರಿಗೆ ಕುಡಿಸುವ ಅಮಲು" ಎಂದು ಮೂಗು ಮುರಿಯುವ ನಮ್ಮದೇ ಕೆಲವು ಸಂಗಾತಿಗಳಿಗೆ ಜನರ ಪರಿಚಯ ಕಡಿಮೆ ಎಂದೇ ಹೇಳಬೇಕಾಗುತ್ತದೆ. ನನ್ನ ತಕರಾರು ಇರುವುದು ನೋಡಿ ಬಂದ ಮೇಲಿನ ಮಾತಿನ ಬಗ್ಗೆ. ನಮ್ಮ ದುಡ್ಡು ಟಿಕೆಟಿನೊಂದಿಗೆ ಹೋಯಿತು. ನಮ್ಮ ಅಭಿಪ್ರಾಯವನ್ನೂ ಅದರ ಜೊತೆಗೇ ಒಪ್ಪಿಸಿಬಿಡಬೇಕೆ?

ಈ ಅಭಿಪ್ರಾಯಕ್ಕೆ ಎಂಥ ಶಕ್ತಿ ಇದೆಯೆಂಬುದನ್ನು 2025ರಲ್ಲಿ ಕಣ್ಣಾರೆ ಕಂಡೆವು. ಆ ವರ್ಷದ ಜುಲೈ 25ರಂದು 'ಸು ಫ್ರಮ್ ಸೋ' ತೆರೆಗೆ ಬಂತು. ನಿರ್ದೇಶಕ ಜೆ. ಪಿ. ತುಮಿನಾಡು ನಮ್ಮ ಕರಾವಳಿಯವರು. ಕಥೆ ನಮ್ಮ ಊರುಗಳದು. ಮಾತು ನಾವಾಡುವ ಕನ್ನಡ. ದೊಡ್ಡ ನಟರ ಗೌಜಿ ಇರಲಿಲ್ಲ. ನೋಡಿದವರು ನೆರೆಯವರಿಗೆ ಹೇಳಿದರು, ನೆರೆಯವರು ನೆಂಟರಿಗೆ ಹೇಳಿದರು, ಚಿತ್ರಮಂದಿರಗಳು ತುಂಬಿದವು. ಪ್ರೇತದ ಹೆಸರಿನಲ್ಲಿ ನಗಿಸುತ್ತಾ ಹೋಗುವ ಆ ಚಿತ್ರ ಕೊನೆಗೆ ದಿಕ್ಕಿಲ್ಲದ ಒಬ್ಬ ಹೆಣ್ಣುಮಗಳ ಸಂಕಟದ ಎದುರು ನಮ್ಮನ್ನು ನಿಲ್ಲಿಸುತ್ತದೆ. ನೋಡಿರದವರು ನೋಡಬೇಕು. ಶ್ರೀಸಾಮಾನ್ಯನ ಬಾಯಿಮಾತು ಒಂದು ಚಿತ್ರವನ್ನು ಎತ್ತಿ ನಿಲ್ಲಿಸಬಲ್ಲುದಾದರೆ, ಆ ಬಾಯಿಮಾತನ್ನು ನಾವು ಇಷ್ಟು ಅಗ್ಗಕ್ಕೆ ಮಾರುವುದೇಕೆ?

ಅಗ್ಗದ ಮಾತು ಬಂತು. ಟಿಕೆಟಿನ ವಿಷಯವನ್ನೂ ಹೇಳಿಬಿಡೋಣ. 2025ರ ಸಪ್ಟಂಬರ್ 12ರಂದು ರಾಜ್ಯ ಸರಕಾರ ಟಿಕೆಟಿನ ದರ, ತೆರಿಗೆ ಬಿಟ್ಟು, 200 ರೂಪಾಯಿ ಮೀರಬಾರದೆಂದು ನಿಯಮ ಹೊರಡಿಸಿತು. ಮಲ್ಟಿಪ್ಲೆಕ್ಸ್ ಮಾಲಿಕರ ಸಂಘವೂ ನಿರ್ಮಾಣ ಸಂಸ್ಥೆಗಳೂ ಹೈಕೋರ್ಟಿಗೆ ಹೋದವು. 23ರಂದು ತಡೆಯಾಜ್ಞೆ ಸಿಕ್ಕಿತು. ಅದಾಗಿ ಒಂಬತ್ತನೆಯ ದಿನ, ಅಕ್ಟೋಬರ್ 2ರಂದು, 'ಕಾಂತಾರ'ದ ಎರಡನೆಯ ಚಿತ್ರ ಬಿಡುಗಡೆಯಾಯಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸಿನೆಮಾಕ್ಕೆ ಹೋದರೆ 200ರ ದರದಲ್ಲೇ 800 ರೂಪಾಯಿ ಬೇಕು. ಬೀಡಿ ಸುತ್ತುವ ಹೆಂಗಸು ಬೆಳಗಿನಿಂದ ರಾತ್ರಿಯವರೆಗೆ ಬೆರಳು ನೋಯಿಸಿಕೊಂಡರೂ ಒಂದು ದಿನಕ್ಕೆ ಕಾಣದ ಮೊತ್ತ ಅದು. ಆ ಮಿತಿಯೂ ಅವರಿಗೆ ಹೆಚ್ಚು ಕಡಿಮೆಯಾಯಿತಂತೆ! ತಡೆಯಾಜ್ಞೆಯ ದಿನ ನಮ್ಮ ಅಭಿಮಾನಿ ಸಂಘಗಳು ಎಲ್ಲಿದ್ದವು? ಕಟೌಟಿಗೆ ಹಾಲು ಸುರಿಯಲು ಸಾಲುಗಟ್ಟುವವರು ತಮ್ಮ ಕಿಸೆಯ ಮೊಕದ್ದಮೆ ನಡೆಯುವಾಗ ಮನೆಯಲ್ಲಿ ಮಲಗಿದ್ದರೆ ಅದಕ್ಕೆ ಏನೆನ್ನಬೇಕು?

ಇನ್ನು ಚಿತ್ರಗಳ ಒಳಗೆ ಬರೋಣ. ನಮ್ಮ ಮಣ್ಣಿನ ಮೇಲೆ ಬಂದ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರೆಂದು ಓದುಗ ಮಿತ್ರರನ್ನು ಕೇಳಿಕೊಳ್ಳುತ್ತೇನೆ. ಒಂದು 1975ರ 'ಚೋಮನ ದುಡಿ', ಇನ್ನೊಂದು 2022ರ 'ಕಾಂತಾರ'. ಎರಡೂ ನೆಲದ ಕಥೆ. ಎರಡರ ನಾಯಕನಟರಿಗೂ ದೇಶದ ಶ್ರೇಷ್ಠ ನಟ ಪ್ರಶಸ್ತಿ ಬಂದಿದೆ, ಅಂದು ಎಂ. ವಿ. ವಾಸುದೇವ ರಾಯರಿಗೆ, 2024ರಲ್ಲಿ ರಿಷಬ್ ಶೆಟ್ಟಿಯವರಿಗೆ.

'ಚೋಮನ ದುಡಿ' ಪುತ್ತೂರಿನ ಆಸ್ತಿ. ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು 1933ರಲ್ಲಿ ಹೊರತಂದ ಕಾದಂಬರಿ. ಅದನ್ನು ತೆರೆಗೆ ತಂದ ಬಿ. ವಿ. ಕಾರಂತರು ಬಂಟ್ವಾಳ ತಾಲೂಕಿನ ಮಂಚಿಯವರು. ಚೋಮನಿಗೆ ಎತ್ತಿನ ಜೋಡಿ ಇದೆ, ತೋಳಿನಲ್ಲಿ ಕಸುವಿದೆ, ಬೇಸಾಯ ಮಾಡುವ ಆಸೆ ಇದೆ. ಇಲ್ಲದ್ದು ಗೇಣು ಭೂಮಿ. ಅಸ್ಪೃಶ್ಯನಾದವನು ಒಕ್ಕಲಾಗಿ ಬೇಸಾಯ ಮಾಡಬಾರದೆಂಬ ಊರ ಕಟ್ಟಳೆ ಅವನನ್ನು ಕೊಲ್ಲುತ್ತದೆ. ಕಾಫಿ ತೋಟದ ಸಾಲ ಅವನ ಮಕ್ಕಳನ್ನು ನುಂಗುತ್ತದೆ. ಅವನ ನೆರವಿಗೆ ಯಾವ ಪವಾಡವೂ ಬರುವುದಿಲ್ಲ. ಗುಡಿಸಲಿನ ಒಳಗೆ ದುಡಿ ಬಡಿಯುತ್ತಾ ಸಾಯುತ್ತಾನೆ. ನೋಡಿದವನಿಗೆ ಆ ರಾತ್ರಿ ನಿದ್ದೆ ಬಂದರೆ ಅವನ ಎದೆಯನ್ನು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಆ ಚಿತ್ರ ಬಂದ ಕಾಲವನ್ನೂ ಗಮನಿಸಿ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಶಾಂತವೇರಿ ಗೋಪಾಲಗೌಡರು ಅವರೊಂದಿಗೆ ನಿಂತರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಇಂಥ ಹೋರಾಟಗಳ ಒತ್ತಡದಿಂದಲೇ ದೇವರಾಜ ಅರಸರ ಕಾಲದ ಭೂಮಸೂದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಚಾಲಗೇಣಿಯ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಎದುರು ಧಣಿಯ ಕಣ್ಣಿಗೆ ಕಣ್ಣಿಟ್ಟು ನಿಂತು, ನೆಲ ಪಡೆದರು. ಇಂದು ನಮ್ಮ ತಾಲೂಕುಗಳಲ್ಲಿ ಎರಡೆಕರೆ ಅಡಿಕೆ ತೋಟ ಇರುವ ಎಷ್ಟೋ ಮನೆಗಳ ಚರಿತ್ರೆ ಆ ಒಂದು ಕಾಗದದಿಂದ ಶುರುವಾಗುತ್ತದೆ. ಆದರೆ ಚೋಮನಿಗೆ? ಅವನು ಗೇಣಿಯ ಒಕ್ಕಲೇ ಆಗಿರಲಿಲ್ಲ. ಗೇಣಿಚೀಟು ಇಲ್ಲದ ಕೂಲಿಗೆ ಆ ಕಾನೂನು ಕೊಟ್ಟದ್ದು ಹೆಚ್ಚೆಂದರೆ ಗುಡಿಸಲಿನ ಅಡಿಯ ನೆಲ. ಚೋಮನ ಪ್ರಶ್ನೆ ಭೂಮಸೂದೆ ದಾಟಿಯೂ ಉಳಿಯಿತು.

ಈಗ 'ಕಾಂತಾರ'. ಇದರ ಗುಣಗಳನ್ನು ಮುಚ್ಚಿಡುವುದು ಅನ್ಯಾಯ. ಧಣಿಯ ನಯವಂಚನೆಯನ್ನು, ಬೆನ್ನು ತಟ್ಟುತ್ತಲೇ ನೆಲ ಕಬಳಿಸುವ ಅವನ ಉಪಾಯವನ್ನು ಅದು ಚೆನ್ನಾಗಿ ತೋರಿಸಿದೆ. ತನ್ನ ಪರವಾಗಿ ದೈವದ ನುಡಿ ಕೊಡಲು ಒಪ್ಪದ ಗುರುವನನ್ನು ಧಣಿ ಕೊಲ್ಲುವ ಭಾಗ ಈ ಜಿಲ್ಲೆಯ ಸತ್ಯವನ್ನೇ ಹೇಳುತ್ತದೆ. ಅರಣ್ಯ ಇಲಾಖೆಗೂ ಕಾಡಂಚಿನ ಜನರಿಗೂ ಇರುವ ತಿಕ್ಕಾಟ ಸುಳ್ಯ, ಕಡಬದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಇಷ್ಟೆಲ್ಲ ಬಗೆದು ತೆಗೆದ ಮೇಲೆ ಚಿತ್ರ ಕೊಡುವ ಉತ್ತರ ಯಾವುದು? ನಾಯಕನ ಮೈಮೇಲೆ ಗುಳಿಗ ಬರುತ್ತಾನೆ, ಧಣಿ ಸಾಯುತ್ತಾನೆ. ದೈವ ಅಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಜೋಡಿಸಿ ಕಾಡಿನಲ್ಲಿ ಮಾಯವಾಗುತ್ತದೆ. ಚಪ್ಪಾಳೆ ಬೀಳುತ್ತದೆ, ದೀಪ ಹತ್ತುತ್ತದೆ, ನಾವು ಹೊರಗೆ ಬರುತ್ತೇವೆ.

ನಾನು ಕೇಳುವುದು ಒಂದೇ: ಮರುದಿನ ಬೆಳಿಗ್ಗೆ ಪಹಣಿ ಯಾರ ಹೆಸರಿಗೆ?

ಆ ಕಥೆ ನಡೆಯುವುದು 1990ರಲ್ಲಿ. ಭೂಮಸೂದೆ ಬಂದು ಹದಿನಾರು ವರ್ಷದ ಮೇಲೆ. ಈ ಜಿಲ್ಲೆಯ ಒಕ್ಕಲಿಗೆ ನೆಲ ಬಂದದ್ದು ಸಂಘಟನೆಯಿಂದ, ಕಾನೂನಿನಿಂದ, ಹೆದರದೆ ಹೇಳಿದ ಸಾಕ್ಷಿಯಿಂದ. ಕಾಡಂಚಿನ ಮಲೆಕುಡಿಯರಿಗೆ ಹಕ್ಕು ಬರಬೇಕಾದುದೂ 2006ರ ಅರಣ್ಯ ಹಕ್ಕು ಕಾಯಿದೆಯ ಕೆಳಗೆ, ಗ್ರಾಮಸಭೆಯಲ್ಲಿ ಕೂತು ಬರೆಸಿದ ಅರ್ಜಿಯಿಂದ. ಅಕ್ರಮ ಸಕ್ರಮದ ಕಡತ, ಕುಮ್ಕಿಯ ತಕರಾರು, ಡೀಮ್ಡ್ ಫಾರೆಸ್ಟಿನ ಗೆರೆ, ಇವುಗಳ ಹಿಂದೆ ತಾಲೂಕು ಕಚೇರಿಯ ಮೆಟ್ಟಿಲು ಸವೆಸುವವನಿಗೆ ಯಾವ ಗುಳಿಗನೂ ಸರ್ವೆ ನಂಬರು ಬರೆದುಕೊಡುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ದುಡ್ಡಿದ್ದ ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದರಷ್ಟೆ. ಅಂದು ಯಾರ ಮೈಮೇಲೂ ಏನೂ ಬರಲಿಲ್ಲ!

"ಇದು ದೈವನಿಂದೆ" ಎಂದು ಕೆಲವರು ಕೂಗಾಡಬಹುದು. ಅವರಿಗೊಂದು ಮಾತು. ಕೋಲ ಕಟ್ಟುವವರು ನಲಿಕೆಯವರು, ಪಂಬದರು, ಪರವರು. ಕೋಲದ ರಾತ್ರಿ ಧಣಿ ಅವರ ಎದುರು ಕೈಮುಗಿದು ನಿಲ್ಲುತ್ತಾನೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದಲ್ಲಿ ನಿಲ್ಲಬೇಕಾಗಿತ್ತು. ಎಷ್ಟೋ ಮನೆಗಳಲ್ಲಿ ಒಳಗಿನ ಚಾವಡಿ ಅವನಿಗೆ ಇಂದಿಗೂ ದೂರ. 'ಕಾಂತಾರ' ಗಳಿಸಿದ್ದು ನಾನೂರು ಕೋಟಿಯ ಹತ್ತಿರವೆಂದು ಪತ್ರಿಕೆಗಳು ಬರೆದವು. ಅದೇ 2022ರ ಅಕ್ಟೋಬರಿನಲ್ಲಿ ಸರಕಾರ ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ದೈವಕ್ಕೆ ಅವಮಾನ ಮಾಡಿದ್ದು ಈ ಲೆಕ್ಕವೋ, ಲೆಕ್ಕ ಕೇಳಿದ ನಾನೋ? ನೀವೇ ತೀರ್ಮಾನಿಸಿ.

"ಸಿನೆಮಾ ಮನರಂಜನೆ, ಅದರಲ್ಲಿ ರಾಜಕೀಯ ಯಾಕೆ?" ಎಂಬುದು ಇನ್ನೊಂದು ಆಕ್ಷೇಪ. ಯಾರ ಕಥೆಗೆ ಕೋಟಿ ಸುರಿಯಬೇಕು, ಯಾರ ಕಥೆಯನ್ನು ಮುಟ್ಟಲೇಬಾರದು ಎಂದು ನಿರ್ಧರಿಸುವುದೇ ರಾಜಕೀಯ. ಮಲೆಕುಡಿಯರ ಬಾಳನ್ನು ಕುರಿತ 'ಕುಡಿಯರ ಕೂಸು' ಕಾದಂಬರಿಯನ್ನು ಕಾರಂತರು ತಾವೇ ನಿರ್ದೇಶಿಸಿ 1978ರಲ್ಲಿ 'ಮಲೆಯ ಮಕ್ಕಳು' ಚಿತ್ರ ಮಾಡಿದರು. ಇಂದು ನಮ್ಮ ಯುವಕರಲ್ಲಿ ಅದನ್ನು ನೋಡಿದವರು ಎಷ್ಟು ಮಂದಿ? ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಹೋಗಿ ನೋಡಿ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇರೆಗೆ ಲಂಕೆಯಿಂದ ಕಳುಹಿಸಲ್ಪಟ್ಟ ತಮಿಳು ಕೂಲಿಕಾರರ ಕುಟುಂಬಗಳು ಅಲ್ಲಿವೆ. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮರ ಕೆತ್ತಿ ಹಾಲು ಇಳಿಸುತ್ತಾರೆ. ಅಜ್ಜ ಒಂದು ದೇಶದಲ್ಲಿ ತೋಟದ ಕೂಲಿ, ಮೊಮ್ಮಗ ಇನ್ನೊಂದು ದೇಶದಲ್ಲಿ ತೋಟದ ಕೂಲಿ. ಕೆಲಸ ಇರುವ ತನಕ ನಿಗಮದ ವಸತಿ. ಕೆಲಸ ಮುಗಿದ ಮೇಲೆ ಮನೆ ಯಾವುದು? ಇದಕ್ಕಿಂತ ದೊಡ್ಡ ಕಥೆ ಬೇಕೆ? ಈ ಕಥೆಗೆ ಕೋಟಿ ಸುರಿಯಲು ಯಾವ ಧಣಿ ಮುಂದೆ ಬರುತ್ತಾನೆ?

ಹಾಗಾದರೆ ನಾವು ಮಾಡಬೇಕಾದ್ದೇನು? ಸಾಗರ ತಾಲೂಕಿನ ಹೆಗ್ಗೋಡು ನಮ್ಮಂತೆಯೇ ಅಡಿಕೆ ಬೆಳೆಯುವ ಹಳ್ಳಿ. ಅಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿದರು, ಕೂತು ಚರ್ಚೆ ಮಾಡಿಸಿದರು. ಹಳ್ಳಿಯವನಿಗೆ ತಿಳಿಯದು ಎಂದವರ ಬಾಯಿ ಅಲ್ಲಿಗೇ ಮುಚ್ಚಿತು. ಹೆಗ್ಗೋಡಿಗೆ ಸಾಧ್ಯವಾದದ್ದು ಪುತ್ತೂರಿಗೆ ಯಾಕಾಗದು? ಯೂನಿಯನ್ ಕಚೇರಿಯ ಗೋಡೆಗೊಂದು ಬಿಳಿ ಬಟ್ಟೆ ಸಾಕು. ತಿಂಗಳಿಗೊಂದು ಭಾನುವಾರ ಸಾಕು. 'ಚೋಮನ ದುಡಿ'ಯಿಂದ ಆರಂಭಿಸಿ. ಇಟಲಿಯ 'ಬೈಸಿಕಲ್ ಥೀವ್ಸ್' ನೋಡಿ. ಸೈಕಲು ಕಳೆದುಕೊಂಡರೆ ಕೂಲಿಯೇ ಕಳೆದುಹೋಗುವವನ ಕಥೆ 1948ರದಾದರೂ ನಮ್ಮ ಮಿಲ್ಲಿನವನಿಗೆ ಒಂದು ಮಾತನ್ನೂ ಬಿಡಿಸಿ ಹೇಳಬೇಕಾಗಿಲ್ಲ. 'ಕಾಂತಾರ'ವನ್ನೂ ಮತ್ತೊಮ್ಮೆ ನೋಡಿ, ಈ ಸಲ ಕಣ್ಣು ತೆರೆದು.

ನೋಡಿ ಎದ್ದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ದುಡಿಯುವವನು ಯಾರು, ತಿನ್ನುವವನು ಯಾರು? ಅನ್ಯಾಯ ಮುಗಿದದ್ದು ಜನ ಒಟ್ಟಾದುದರಿಂದಲೋ, ಒಬ್ಬ ವೀರನ ತೋಳಿನಿಂದಲೋ? ಕೊನೆಗೆ ಪಹಣಿ ಯಾರ ಹೆಸರಿಗೆ? ಉತ್ತರ ಸಿಕ್ಕಿದ ಮೇಲೆ ಆ ಚಿತ್ರವನ್ನು ಹೊಗಳಿ, ತೆಗಳಿ, ನೆರೆಯವನಿಗೆ ಹೇಳಿ. ಆಗ ಅದು ನಿಮ್ಮ ಅಭಿಪ್ರಾಯ. ಅದನ್ನು ಈ ಪತ್ರಿಕೆಗೂ ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಿ. ಕೋಟಿ ಎಣಿಸಲು ಅವರ ಹತ್ತಿರ ಗುಮಾಸ್ತರಿದ್ದಾರೆ. ಆ ಚಾಕರಿಯನ್ನು ಸಂಬಳವಿಲ್ಲದೆ ನಾವು ಮಾಡುವುದು ಇನ್ನು ಸಾಕು.