ದುಡಿಮೆ ಬಿಟ್ಟರೆ ಮಠವುಂಟೇ?

ಮಠದ ಬದುಕೆಂದರೆ ದುಡಿಮೆಯಿಲ್ಲದ ಬದುಕೆಂದು ಹಗುರವಾಗಿ ಆಡುವವರು ಇಂದಿಗೂ ಉಂಟು. ವಾಚಕ ಮಹಾಶಯರೇ, ಇತಿಹಾಸವು ಈ ಮಾತನ್ನು ಒಪ್ಪುವುದಿಲ್ಲ.

ಕ್ರೈಸ್ತ ಸಂನ್ಯಾಸವನ್ನೇ ನೋಡಿರಿ. ಈಜಿಪ್ಟಿನ ಅಂತೋನಿಯು ಆಸ್ತಿಯನ್ನು ತೊರೆದು ಮರುಭೂಮಿ ಸೇರಿದನು. 4ನೆಯ ಶತಮಾನದಲ್ಲಿ ಪಕೋಮಿಯನು ಒಂಟಿ ತಪಸ್ವಿಗಳನ್ನು ಒಂದೇ ಅಂಗಳಕ್ಕೆ ತಂದು ಚಾಪೆ ಹೆಣೆಯಿಸಿದನು. 6ನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ಪ್ರಾರ್ಥನೆ, ಕೈದುಡಿಮೆ, ಓದು ಈ ಮೂರನ್ನೂ ನಿಯಮವಾಗಿಸಿದನು. ಲ್ಯಾಟಿನ್ ಗ್ರಂಥಗಳು ಬಹುಮಟ್ಟಿಗೆ ಉಳಿದುಬಂದುದು ಆ ಮಠಗಳ ಲಿಪಿಕಾರರಿಂದ. ಸಂಪತ್ತು ಬೆಳೆದಂತೆ ಅಲ್ಲಿಯೂ ದುಡಿಮೆ ಸಡಿಲಿತು. 1098ರಲ್ಲಿ ಫ್ರಾನ್ಸಿನ ಸಿತೋದಲ್ಲಿ ಹೊಸ ಮಠ ಕಟ್ಟಿದವರು ಮತ್ತೆ ಗುದ್ದಲಿ ಹಿಡಿಯಬೇಕಾಯಿತು.

ನಮ್ಮ ಶರಣರು 12ನೆಯ ಶತಮಾನದಲ್ಲಿ ಇನ್ನೂ ಮುಂದೆ ನಡೆದರು. ಕಾಯಕವನ್ನು ಮನೆಮನೆಗೂ ಒಯ್ದರು. 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಪ್ರಾಟೆಸ್ಟಂಟರು, ಸಂನ್ಯಾಸಿಗಳಲ್ಲ. ಶಾಲೆಯ ಕ್ರಮವನ್ನು ಅವರಿಂದ ಕಲಿತಿರಬಹುದು, ದಾಸೋಹವನ್ನಲ್ಲ.

ಆದರೆ ಹೆಮ್ಮೆಯೊಂದೇ ಸಾಲದು. ಗದುಗಿನ ತೋಂಟದಾರ್ಯ, ಶಿರಹಟ್ಟಿಯ ಫಕೀರೇಶ್ವರ, ಮುಂಡರಗಿಯ ಅನ್ನದಾನೀಶ್ವರ ಮಠಗಳ ನೆರಳಿನಲ್ಲಿ ಬೆಳೆದವರೇ, ಜಾತ್ರೆಗೆ ಬಂದು ಕಾಯಿ ಒಡೆಸಿಕೊಂಡು ಹೋದರೆ ಋಣ ತೀರಿತೇ? ನಿಮ್ಮೂರಿನ ಒಬ್ಬ ಬಡ ವಿದ್ಯಾರ್ಥಿಯ ಓದಿನ ಹೊಣೆ ಹೊರಿರಿ. ಭಕ್ತನು ಕಾಯಕ ಮರೆತ ದಿನ ಮಠವು ಬರಿಯ ಕಲ್ಲುಕಟ್ಟಡ.