ಮುರಿದ ವಾಹನದ ಮರುಜೋಡಣೆ

ಘೋರವಾದ ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರನ್ನು ಗುಜರಿಯ ಬೆಲೆಗೆ ಕೊಂಡು, ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಅದೇ ಮಾದರಿಯ ಬೇರೊಂದು ವಾಹನದ ಭಾಗವನ್ನು ತಂದು ಬೆಸೆದು, ಬಣ್ಣ ಬಳಿದು ಮತ್ತೆ ರಸ್ತೆಗಿಳಿಸುವ ಕೆಲಸ ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ರೂಢವಾದ ಉದ್ಯೋಗವಾಗಿದೆ. ಇಂಥ ವಾಹನ ನಂಬತಕ್ಕದ್ದೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಅವಸರದ ಉತ್ತರಗಳು ದೊರೆಯುತ್ತವೆ. ಬೆಸೆದುದೆಲ್ಲವೂ ದುರ್ಬಲವೆಂಬುದು ಒಂದು. ನುರಿತ ಕೈ ಬೆಸೆದ ಸಂಧಿ ಮೂಲ ಲೋಹಕ್ಕಿಂತಲೂ ಗಟ್ಟಿಯೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವುಂಟು, ಆದರೆ ಎರಡೂ ಪ್ರಶ್ನೆಯ ಮರ್ಮವನ್ನು ಮುಟ್ಟುವುದಿಲ್ಲ.

ಬೆಸುಗೆಯೇ ದೋಷವೆನ್ನುವುದಾದರೆ ಹೊಸ ಕಾರೂ ನಿರ್ದೋಷವಲ್ಲ. ಕಾರ್ಖಾನೆಯಿಂದ ಹೊರಬರುವ ಸಾಧಾರಣ ಕಾರಿನ ಒಡಲಿನಲ್ಲಿ ನಾಲ್ಕೈದು ಸಾವಿರ ಸ್ಪಾಟ್ ವೆಲ್ಡಿಂಗ್ ಬಿಂದುಗಳಿರುತ್ತವೆ. ಹಿಂದಿನ ಮೋಟಾರುಗಳಲ್ಲಿ ಪ್ರತ್ಯೇಕವಾದ ಚಾಸಿಯ ಮೇಲೆ ಒಡಲು ಕುಳಿತಿರುತ್ತಿತ್ತು. ಇಂದಿನ ಕಾರಿನಲ್ಲಿಯಾದರೋ ಆ ಒಡಲೇ ಭಾರವನ್ನೆಲ್ಲ ಹೊರತಕ್ಕದ್ದು. ಅದರ ಧರ್ಮ ಬರಿಯ ಗಟ್ಟಿತನವಲ್ಲ. ಮರ್ಸಿಡಿಸ್-ಬೆಂಜ್ ಸಂಸ್ಥೆಯ ಎಂಜಿನಿಯರ್ ಬೇಲಾ ಬರೆನ್ಯಿ 1951ರಲ್ಲಿ ಪೇಟೆಂಟಿಗೆ ಸಲ್ಲಿಸಿದ ಕಲ್ಪನೆಯೊಂದು 1959ರ ಕಾರಿನಲ್ಲಿ ಕಾರ್ಯರೂಪಕ್ಕೆ ಬಂದಿತು: ಪ್ರಯಾಣಿಕರು ಕುಳಿತ ಕೋಣೆ ಕದಲದೆ ನಿಲ್ಲಬೇಕು, ಅದರ ಹಿಂದುಮುಂದಿನ ಭಾಗಗಳು ಕ್ರಮವರಿತು ಕುಸಿದು ಆಘಾತದ ಶಕ್ತಿಯನ್ನು ತಾವೇ ಹೀರಿಕೊಳ್ಳಬೇಕು. ಆದುದರಿಂದ ಕುಸಿಯಬೇಕಾದೆಡೆಯಲ್ಲಿ ಅತಿಯಾಗಿ ಬಿಗಿದ ಬೆಸುಗೆಯೂ, ನಿಲ್ಲಬೇಕಾದೆಡೆಯಲ್ಲಿ ಸಡಿಲವಾದ ಬೆಸುಗೆಯೂ ಸಮಾನವಾಗಿ ಅಪಾಯಕರ. ಏರ್‌ಬ್ಯಾಗ್ ಯಾವ ಕ್ಷಣದಲ್ಲಿ ಅರಳಬೇಕೆಂಬ ಲೆಕ್ಕಕ್ಕೂ ಮುಂಭಾಗ ಕುಸಿಯುವ ಗತಿಯೇ ಆಧಾರವಾದ್ದರಿಂದ, ಗತಿ ತಪ್ಪಿದರೆ ಆ ರಕ್ಷಣೆಯೂ ಹೊತ್ತು ತಪ್ಪಿ ಬರಬಹುದು.

ಲೋಹದ ಸ್ವಭಾವವೂ ಈಗ ಬದಲಾಗಿದೆ. ಬಾಗಿಲ ಪಕ್ಕದ ಪಿಲ್ಲರಿನಂಥ ಭಾಗಗಳಲ್ಲಿ ಬಳಸುವ ಬೋರಾನ್ ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲಿಯೇ ಥಟ್ಟನೆ ತಣಿಸುತ್ತಾರೆ. ಸಾಧಾರಣ ಉಕ್ಕಿನ ನಾಲ್ಕೈದು ಪಟ್ಟು ಬಲ ಅದಕ್ಕೆ ಬರುವುದು ಆ ತಣಿಸುವಿಕೆಯಿಂದ. ಗ್ಯಾರೇಜಿನಲ್ಲಿ ಅದನ್ನು ಮತ್ತೆ ಕಾಯಿಸಿದಾಗ ಬೆಸುಗೆಯ ಗೆರೆ ಗಟ್ಟಿಯಾಗಿಯೇ ಉಳಿದರೂ ಅದರ ಪಕ್ಕದ ಲೋಹ ಮೃದುವಾಗಿಬಿಡುತ್ತದೆ. ಸತುವಿನ ಲೇಪ ಸುಟ್ಟುಹೋದ ಜಾಗದಲ್ಲಿ, ಕಣ್ಣಿಗೆ ಕಾಣದ ಪೊಳ್ಳಿನೊಳಗಿನಿಂದ, ತುಕ್ಕು ತನ್ನ ಕೆಲಸವನ್ನು ಆರಂಭಿಸುತ್ತದೆ.

ಇಷ್ಟನ್ನು ಹೇಳುವಾಗ ನಮ್ಮ ಟಿಂಕರಿಂಗ್ ಕೆಲಸಗಾರರ ಕೌಶಲವನ್ನು ಹಳಿಯುವ ಉದ್ದೇಶ ನನಗಿಲ್ಲ. ಹಾಳಾದುದನ್ನು ಎಸೆಯದೆ ದುರಸ್ತಿ ಮಾಡಿ ಬಳಸುವುದು ಬಡ ಸಮಾಜದ ವಿವೇಕ. ಬಾಗಿಲು, ಬಾನೆಟ್, ಬಂಪರುಗಳಿಗೆ ಆದ ಪೆಟ್ಟನ್ನು ಸರಿಪಡಿಸುವಲ್ಲಿ ಆ ವಿವೇಕಕ್ಕೆ ಪೂರ್ಣವಾದ ಅವಕಾಶವಿದೆ. ಭಾರ ಹೊರುವ ಭಾಗಗಳಲ್ಲಿಯೂ, ತಯಾರಕರು ಎಲ್ಲಿ ಕತ್ತರಿಸಬಹುದೆಂದು ಹೇಳಿದ್ದಾರೋ ಅಲ್ಲಿಯೇ ಕತ್ತರಿಸಿ, ಅಳತೆಯ ಜಿಗ್ಗಿನ ಮೇಲೆ ನಿಲ್ಲಿಸಿ, ಹೇಳಿದ ವಿಧಾನದಲ್ಲಿಯೇ ಬೆಸೆದ ಕೆಲಸ ಗೌರವಾರ್ಹವಾದುದು. ತೊಡಕಿರುವುದು, ಅದು ಹಾಗೆಯೇ ನಡೆಯಿತೆಂಬುದಕ್ಕೆ ಪ್ರಮಾಣವೇನು ಎಂಬಲ್ಲಿ.

ಹತ್ತು ವರ್ಷ ನೆಟ್ಟಗೆ ಓಡಿತೆಂಬುದು ಪ್ರಮಾಣವಾಗದು. ನಿತ್ಯಸಂಚಾರ ಹೇರುವ ಬಲಕ್ಕೂ ಅಪಘಾತ ಹೇರುವ ಬಲಕ್ಕೂ ಅಜಗಜಾಂತರ. ಹೊಸ ಕಾರಿನ ಕ್ಷೇಮವನ್ನು ನಾವು ತಿಳಿಯುವುದು ಅನುಮಾನದಿಂದ: 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಅಪ್ಪಳಿಸಿ ಒಂದು ಕಾರನ್ನು ನಾಶಮಾಡಿ, ಅದೇ ಮಾದರಿಯ ಮಿಕ್ಕ ಕಾರುಗಳ ಗುಣವನ್ನು ನಿಶ್ಚಯಿಸುತ್ತಾರೆ. ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕನ್ಯಾಯ ಇದು. ಮರುಜೋಡಿಸಿದ ಕಾರಿಗೆ ಈ ನ್ಯಾಯ ಸಲ್ಲದು. ಅದರಂತೆ ಮುರಿದು ಅದರಂತೆಯೇ ಬೆಸೆದ ಇನ್ನೊಂದು ಕಾರು ಲೋಕದಲ್ಲಿಲ್ಲ. ಅದನ್ನೇ ಪರೀಕ್ಷಿಸಹೊರಟರೆ ಅದೇ ನಾಶವಾಗುತ್ತದೆ. ಉಳಿಯುವ ಪ್ರಮಾಣ ಒಂದೇ: ವಿಧಾನವನ್ನು ತಪ್ಪದೆ ಪಾಲಿಸಿದ್ದಕ್ಕೆ ಲಿಖಿತವಾದ ಸಾಕ್ಷ್ಯ.

ವಿಧಾನ ತಪ್ಪಿದ್ದರ ಫಲವನ್ನು 2017ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯಾಯಾಲಯವೊಂದು ವಿಚಾರಿಸಿತು. ಆಲಿಕಲ್ಲಿನಿಂದ ಕೆಟ್ಟ ಛಾವಣಿಯನ್ನು ಬದಲಿಸುವಾಗ, ತಯಾರಕರು ಬೆಸೆಯಬೇಕೆಂದು ಹೇಳಿದ್ದರೂ, ದುರಸ್ತಿಯವರು ಅಂಟು ಹಾಕಿ ಕೂರಿಸಿದ್ದರು. ಅದನ್ನರಿಯದೆ ಆ ಹಳೆಯ ಕಾರನ್ನು ಕೊಂಡ ದಂಪತಿಗಳು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು. ದುರಸ್ತಿಯವರು ಮೂರು ಕೋಟಿ ಡಾಲರಿಗೂ ಮಿಕ್ಕ ಪರಿಹಾರಕ್ಕೆ ಹೊಣೆಯೆಂದು ಜ್ಯೂರಿ ತೀರ್ಮಾನಿಸಿತು. ಇಲ್ಲಿ ದೋಷವಾದುದು ಬೆಸುಗೆಯಲ್ಲ, ಬೆಸುಗೆ ಇಲ್ಲದಿದ್ದುದು. ನೋವುಂಡವರೂ ದುರಸ್ತಿ ಮಾಡಿಸಿದವರಲ್ಲ.

ನಮ್ಮಲ್ಲಿ ದುರಸ್ತಿಯ ವೆಚ್ಚ ವಿಮೆಯ ಘೋಷಿತ ಮೌಲ್ಯದ ಶೇಕಡಾ 75ನ್ನು ಮೀರಿದರೆ ವಿಮಾಸಂಸ್ಥೆ ವಾಹನವನ್ನು ಪೂರ್ಣನಷ್ಟವೆಂದು ಗಣಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 55ನೆಯ ಕಲಮಾದರೋ, ನಾಶವಾದ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದ ವಾಹನವನ್ನು ಕುರಿತು ಮಾಲೀಕನು 14 ದಿನಗಳೊಳಗೆ ತಿಳಿಸಬೇಕೆನ್ನುತ್ತದೆ. ಹಣದ ಲೆಕ್ಕದಲ್ಲಿ ಸತ್ತು, ಕಾಯ್ದೆಯ ಲೆಕ್ಕದಲ್ಲಿ ಬದುಕಿರುವ ಕಾರು ಈ ಎರಡರ ನಡುವಿನ ಸಂದಿಯಲ್ಲಿ ನುಸುಳಿ ಮತ್ತೆ ಮಾರುಕಟ್ಟೆಗೆ ಬರಬಲ್ಲುದು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಇಂಥ ವಾಹನಗಳನ್ನು ಎ, ಬಿ, ಎಸ್, ಎನ್ ಎಂದು ವಿಂಗಡಿಸುತ್ತಾರೆ. ಒಡಲಿನ ರಚನೆಗೇ ಪೆಟ್ಟು ಬಿದ್ದು ದುರಸ್ತಿಯಾಗಬಲ್ಲ ಕಾರಿಗೆ ಎಸ್ ಗುರುತು ಬೀಳುತ್ತದೆ. ಅಂಥದೊಂದು ಗುರುತು ನಮ್ಮ ಆರ್‌ಸಿ ಪುಸ್ತಕದಲ್ಲಿಯೂ ಅಳಿಯದಂತೆ ದಾಖಲಾಗಬೇಕು. ಯಾವ ಭಾಗವನ್ನು ಎಲ್ಲಿ ಕತ್ತರಿಸಿ ಹೇಗೆ ಬೆಸೆಯಿತೆಂಬ ವಿವರಕ್ಕೆ ಗ್ಯಾರೇಜು ಸಹಿ ಹಾಕಬೇಕು. ಹಿಂದಿನ ಸೀಟಿನಲ್ಲಿ ಕುಳಿತ ಮಗುವಾಗಲಿ, ಮೂರನೆಯ ಕೈಯಲ್ಲಿ ಕಾರು ಕೊಂಡವನಾಗಲಿ ಈ ಅಪಾಯಕ್ಕೆ ಒಪ್ಪಿಗೆ ಕೊಟ್ಟವರಲ್ಲವಾದ್ದರಿಂದ, ಕ್ಷೇಮವನ್ನು ಸಾಧಿಸಿ ತೋರಿಸುವ ಭಾರ ಮರುಜೋಡಿಸಿ ಮಾರುವವನ ಮೇಲಿರತಕ್ಕದ್ದು. ಆ ಭಾರವನ್ನು ಹೊರಲಾರದಿದ್ದರೆ, ಅಂಥ ಕಾರನ್ನು ಬಿಡಿಭಾಗಗಳಿಗಾಗಿ ಕಳಚಿ, ಉಳಿದ ಒಡಲನ್ನು ಕರಗಿಸಲು ಕಳುಹಿಸುವುದೇ ನ್ಯಾಯ.