ಕೇಕು ಚಪ್ಪಟೆಯಾಗಿಯೇ ಇರಲಿ

"ಅಯ್ಯೋ ಅತ್ತಿಗೆ, ಕೇಕು ಉಬ್ಬಲೇ ಇಲ್ಲವಲ್ಲ!"

ಹೋದ ವರ್ಷ ನಮ್ಮ ಮನೆಗೆ ಬಂದಿದ್ದ ನಾದಿನಿ ಅಡುಗೆಮನೆಗೆ ಕಾಲಿಟ್ಟವಳೇ ಹೀಗೆ ಮರುಗಿದಳು. ಕಟ್ಟೆಯ ಮೇಲೆ 13 ಇಂಚು ಉದ್ದ, 9 ಇಂಚು ಅಗಲದ ಟ್ರೇ ಇತ್ತು. ಅದರ ತುಂಬ ಕಪ್ಪಗೆ ಮಿರುಗುವ ಚಾಕೊಲೇಟ್ ಕೇಕು. ಉಬ್ಬಿತ್ತು, ಚೆನ್ನಾಗಿಯೇ ಉಬ್ಬಿತ್ತು. ಆದರೆ ಗೋಪುರದ ಹಾಗೆ ಮೇಲೇಳದೆ, ಟ್ರೇಯ ಅಗಲಕ್ಕೆ ಹರಡಿಕೊಂಡು ಕೂತಿತ್ತು.

"ಉಬ್ಬಿದೆ ಕಣೇ. ಇದು ಇರೋದೇ ಹೀಗೆ, ಚಪ್ಪಟೆ" ಎಂದೆ.

"ಹೂವು ಗೀವು ಏನೂ ಹಾಕಲ್ವಾ? ಹೆಸರು?"

"ಇಲ್ಲ."

"ಮತ್ತೆ ಇದನ್ನ ಹೇಗೆ ನಾಲ್ಕು ಜನರ ಮುಂದೆ ಇಡ್ತೀರಿ?"

ನಾಲ್ಕು ಜನರಲ್ಲ, 42 ಮಕ್ಕಳ ಮುಂದೆ ಇಡುವುದಿತ್ತು. ಅದನ್ನು ಅವಳಿಗೆ ಹೇಳಿದೆ. ಅವಳು ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಎರಡು ತುಂಡು ತಿಂದು, ಮೂರನೆಯದಕ್ಕೆ ಕೈ ಹಾಕಿದ್ದಂತೂ ನಿಜ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕೇಕನ್ನು ಮನೆಯಲ್ಲಿ ಮಾಡಬೇಕು, ಅದು ಚಪ್ಪಟೆಯಾಗಿರಬೇಕು, ಅದರ ಮೇಲೆ ಅಲಂಕಾರ ಇರಬಾರದು. ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬರಬಹುದು. ಒಂದು ತುಂಡು ತಿಂದ ಮೇಲೆ ಜಗಳವಾಡೋಣ.

ಮೂವತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳಿಕೊಂಡು ಬಂದವಳು ನಾನು. ನಾವು ಓದುವ ಕಾಲದಲ್ಲಿ ಹುಟ್ಟುಹಬ್ಬಕ್ಕೆ ತರಗತಿಯಲ್ಲಿ ಪೆಪ್ಪರ್‌ಮೆಂಟು ಹಂಚುತ್ತಿದ್ದೆವು. ತಂದರೆ ಉಂಟು, ತರದಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಯಾವಾಗಲೋ ಪೆಪ್ಪರ್‌ಮೆಂಟು ಹೋಗಿ ಕೇಕು ಬಂತು. ಮೊದಲು ಅರ್ಧ ಕಿಲೋದ್ದು, ಆಮೇಲೆ ಒಂದು ಕಿಲೋದ್ದು, ಕೊನೆಗೆ ಒಂದರ ಮೇಲೊಂದು ಕೂರಿಸಿದ ಎರಡು ಅಂತಸ್ತಿನದು. ಮೇಲೆ ಮಗುವಿನ ಹೆಸರು, ಕ್ರೀಮಿನ ಗುಲಾಬಿ, ಕಾರ್ಟೂನಿನ ಬೊಂಬೆ. ಕತ್ತರಿಸುವಾಗ ಪಕ್ಕದಲ್ಲಿ ಯಾರು ನಿಲ್ಲಬೇಕು, ಗುಲಾಬಿ ಇರುವ ತುಂಡು ಯಾರಿಗೆ ಸೇರಬೇಕು ಎಂಬುದಕ್ಕೆಲ್ಲ ಲೆಕ್ಕಾಚಾರ. ಹಿಂದಿನ ಬೆಂಚಿಗೆ ಮುಟ್ಟುವ ಹೊತ್ತಿಗೆ ಡಬ್ಬಿಯ ರಟ್ಟಿಗೆ ಅಂಟಿದ ಕ್ರೀಮು ಮಾತ್ರ ಉಳಿದಿರುತ್ತಿತ್ತು. ಇದನ್ನೆಲ್ಲ ನೋಡುತ್ತ ಚಪ್ಪಾಳೆ ತಟ್ಟಿದವಳು ನಾನೇ. ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಶುಭಾಶಯ ಬರೆದವಳೂ ನಾನೇ.

ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿ ಮೂರು ಮನೆಯ ಮುಸುರೆ ತಿಕ್ಕಿ ಅವಳನ್ನು ಓದಿಸುತ್ತಿದ್ದಳು. ಮಳೆ ಬರಲಿ, ಚಳಿ ಇರಲಿ, ಒಂದು ದಿನ ತಪ್ಪಿಸಿದವಳಲ್ಲ. ಅಂಥವಳು ಒಂದು ದಿನ ಬರಲಿಲ್ಲ. ಮರುದಿನ ಕೇಳಿದೆ, "ನಿನ್ನೆ ಯಾಕಮ್ಮ ಬರಲಿಲ್ಲ?"

"ಜ್ವರ ಬಂದಿತ್ತು ಟೀಚರ್."

ಪಕ್ಕದವಳು ಎದ್ದು ನಿಂತಳು. "ಸುಳ್ಳು ಟೀಚರ್. ನಿನ್ನೆ ಇವಳ ಬರ್ತ್‌ಡೇ. ಕೇಕು ತರೋಕಾಗಲ್ಲ ಅಂತ ಬಂದಿಲ್ಲ."

ಮಕ್ಕಳು ನಕ್ಕರು. ಮಕ್ಕಳು ನಗುತ್ತವೆ, ಅದರಲ್ಲಿ ಅವುಗಳ ತಪ್ಪಿಲ್ಲ. ಆ ಹುಡುಗಿ ತಲೆ ತಗ್ಗಿಸಿ ಪುಸ್ತಕದ ಮೂಲೆಯನ್ನು ಮಡಿಸುತ್ತ ಕೂತಳು. ಹುಟ್ಟಿದ ದಿನ ಮನೆಯಲ್ಲಿ ಅಡಗಿ ಕೂರಬೇಕಾದಂಥ ಅಪರಾಧವನ್ನು ಅವಳು ಏನು ಮಾಡಿದ್ದಳು, ನೀವೇ ಹೇಳಿ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆದಿದ್ದೆ. ನಿಜವಾಗಿ ಗೈರಾಗಿದ್ದವಳು ನಾನು ಎಂದು ಹೊಳೆಯುವುದಕ್ಕೆ ಆ ರಾತ್ರಿ ಪೂರ್ತಿ ಬೇಕಾಯಿತು.

ಸಹೋದ್ಯೋಗಿಗಳು ಸುಲಭದ ದಾರಿ ತೋರಿಸಿದರು. "ಕೇಕು ತರಬೇಡಿ ಅಂತ ನೋಟೀಸು ಕಳಿಸಿಬಿಡಿ ಮೇಡಂ." ನನಗೆ ಅದು ಸರಿ ಕಾಣಲಿಲ್ಲ. ಸಂತೋಷವನ್ನೇ ನಿಲ್ಲಿಸಿಬಿಟ್ಟರೆ ಎಲ್ಲರೂ ಸಮಾನರಾಗುತ್ತಾರೆ, ನಿಜ. ಅದು ಎಂಥ ಸಮಾನತೆ? ತಿಂಗಳ ಕೊನೆಯ ಶನಿವಾರ ಆ ತಿಂಗಳಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಸೇರಿಸಿ ಒಂದೇ ಕೇಕು, ಅದು ನನ್ನ ಮನೆಯದು, ಉಳಿದ ಯಾರೂ ತರುವಂತಿಲ್ಲ ಎಂದು ಗೊತ್ತುಮಾಡಿದೆ. ಒಬ್ಬ ತಾಯಿ ಸಿಟ್ಟಿನಿಂದಲೇ ಬಂದರು. "ನಮ್ಮ ಮಗ, ನಮ್ಮ ದುಡ್ಡು. ನಿಮಗೇನು ತೊಂದರೆ ಟೀಚರ್?" ಎಂದು ಕೇಳಿದರು. "ಮನೆಯಲ್ಲಿ ಏಳು ಅಂತಸ್ತಿನ ಕೇಕು ಮಾಡಿಸಿ, ನಾನೂ ಬಂದು ತಿನ್ನುತ್ತೇನೆ. ತರಗತಿಯಲ್ಲಿ ನಿಮ್ಮ ಮಗನ ಜೊತೆ ಇನ್ನೂ 41 ಮಕ್ಕಳಿದ್ದಾರೆ" ಎಂದೆ. ಅವರು ಈಗಲೂ ನನ್ನನ್ನು ಕಂಡರೆ ಅರ್ಧ ಮುಖದಲ್ಲಿ ಮಾತ್ರ ನಗುತ್ತಾರೆ. ಇರಲಿ.

ಇನ್ನು ನಾನು ಕೇಳಿಸಿಕೊಂಡ ಆಕ್ಷೇಪಣೆಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ.

ಕೇಕು ನಮ್ಮದಲ್ಲ, ಪಾಯಸ ಮಾಡಬಾರದೇ ಎನ್ನುವವರಿದ್ದಾರೆ. ಪಾಯಸವನ್ನೂ ಮಾಡೋಣ, ಬೇಡ ಎಂದವರು ಯಾರು? ಆದರೆ ಚಾಕೊಲೇಟನ್ನು ಪರದೇಶದ ವಸ್ತು ಎಂದರೆ ನಾನು ಸುಮ್ಮನಿರುವುದಿಲ್ಲ. ನನ್ನ ತವರು ಪುತ್ತೂರಿನ ಕಡೆ. ಅಡಿಕೆ ತೋಟದ ನೆರಳಿನಲ್ಲಿ ಕೋಕೋ ಗಿಡಗಳಿದ್ದವು. ಕಾಂಡಕ್ಕೇ ಅಂಟಿಕೊಂಡು ಬಿಡುವ ಹಳದಿ ಕಾಯಿಯನ್ನು ಒಡೆದು, ಬೀಜದ ಸುತ್ತ ಇರುವ ಬಿಳಿಯ ಹುಳಿಸಿಹಿ ತಿರುಳನ್ನು ಚೀಪುವುದಕ್ಕೆ ನಮಗೂ ಅಳಿಲುಗಳಿಗೂ ಪೈಪೋಟಿ. ಬೀಜ ಉಗುಳಿದರೆ ಅಪ್ಪ ಬೈಯುತ್ತಿದ್ದರು, ಅದೇ ಅಲ್ಲವೇ ದುಡ್ಡು! 1980ರ ಆಸುಪಾಸಿನಲ್ಲಿ ಬೆಲೆ ಬಿದ್ದು ಕೊಳ್ಳುವವರೇ ಇಲ್ಲದಾದಾಗ, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಕೋಕೋ ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ನಮ್ಮ ತೋಟದ ನೆರಳಲ್ಲಿ ಬೆಳೆದದ್ದು ನಮ್ಮ ಒಲೆಗೆ ಬಂದರೆ ಅದು ಪರಕೀಯ ಹೇಗಾಗುತ್ತದೆ? ಕೋಕೋ ಮೂಲದಲ್ಲಿ ಅಮೆರಿಕ ಖಂಡದ್ದು ಎನ್ನುವಿರಾದರೆ, ನಿಮ್ಮ ಸಾರಿನ ಮೆಣಸಿನಕಾಯಿ, ಟೊಮೆಟೊ ಕೂಡ ಅಲ್ಲಿಂದಲೇ ಬಂದವು.

ಹಿಟ್ಟು ಹರಡಿ ಚೌಕ ಕತ್ತರಿಸುವುದು ನಮಗೇನು ಹೊಸದೇ? ಕೊಬ್ಬರಿ ಮಿಠಾಯಿ, ಏಳು ಕಪ್ಪಿನ ಬರ್ಫಿ, ಮೈಸೂರು ಪಾಕು, ಇವೆಲ್ಲ ತಟ್ಟೆಗೆ ಸುರಿದು, ಚಾಕುವಿನಲ್ಲಿ ಗೀಟು ಎಳೆದು ಹಂಚುವ ತಿಂಡಿಗಳೇ. ಬರ್ಫಿಯ ಮೇಲೆ ಯಾರೂ ಹೆಸರು ಬರೆಸುವುದಿಲ್ಲ. ಅಮೆರಿಕದಲ್ಲೂ ಟೆಕ್ಸಸ್ ರಾಜ್ಯದ ಹೆಸರಿನಲ್ಲಿ ಇಂಥದೇ ಚಪ್ಪಟೆ ಚಾಕೊಲೇಟ್ ಕೇಕು ಉಂಟು. ಹತ್ತಾರು ಜನ ಸೇರುವ ಊಟಕ್ಕೆ, ಸಾವಾದ ಮನೆಯವರಿಗೆ ಟ್ರೇ ಸಮೇತ ಒಯ್ದು ಕೊಡುವ ಕೇಕು ಅದು. ನೋಡುವುದಕ್ಕಲ್ಲ, ಹಂಚುವುದಕ್ಕೆ ಹುಟ್ಟಿದ್ದು.

"ನನಗೆ ಕೈಗುಣ ಇಲ್ಲ ಕಣ್ರೀ" ಎನ್ನುವವರು ಇನ್ನು ಕೆಲವರು. ಈ ಕೈಗುಣ ಎಂಬ ಮಾತು ನಮ್ಮನ್ನು ಎಷ್ಟು ಕಾಲದಿಂದ ಹೆದರಿಸಿದೆಯೋ! ಕೇಕಿಗೆ ಬೇಕಾದ್ದು ಅಳತೆ. ನಾನು ಬಿ.ಎ. ಓದಿದವಳು, ರಸಾಯನಶಾಸ್ತ್ರದ ಗಂಧವಿಲ್ಲ. ಹುಳಿ ಮತ್ತು ಸೋಡಾ ಸೇರಿದರೆ ಅನಿಲ ಹೊರಟು ಹಿಟ್ಟು ಉಬ್ಬುತ್ತದೆ ಎಂಬಷ್ಟು ಗೊತ್ತಿದ್ದರೆ ಸಾಕು. ಬೆಣ್ಣೆ ಮೊಟ್ಟೆ ಇಲ್ಲದೆ ಆಗದು ಎನ್ನುವವರು ಬ್ರಿಟನ್ನಿನ ಹೆಂಗಸರನ್ನು ನೆನೆಯಲಿ. ಯುದ್ಧದಿಂದಾಗಿ 1940ರಿಂದ 1954ರವರೆಗೆ ಅಲ್ಲಿ ಆಹಾರಕ್ಕೆ ರೇಷನ್ ಇತ್ತು. ಆಗಲೂ ಅವರು ಮೊಟ್ಟೆಯಿಲ್ಲದೆ ಕೇಕು ಮಾಡಿ ಮಕ್ಕಳ ಹುಟ್ಟುಹಬ್ಬ ನಡೆಸಿದರು. ಮೊಟ್ಟೆಯ ಮೇಲೆ ನನಗೇನೂ ದ್ವೇಷವಿಲ್ಲ. ತರಗತಿಯಲ್ಲಿ ತಿನ್ನುವ ಮನೆಯವರೂ ಇದ್ದಾರೆ, ತಿನ್ನದ ಮನೆಯವರೂ ಇದ್ದಾರೆ. ಎಲ್ಲರ ಕೈಗೂ ಹೋಗುವ ಕೇಕಿಗೆ ಯಾರೂ ಹೊರಗಾಗುವಂತಿರಬಾರದು, ಅಷ್ಟೇ.

ನನ್ನ ಪರವಾಗಿ ವಾದಿಸಲು ಬಂದವರೂ ಇದ್ದಾರೆ. "ಬೇಕರಿ ಕೇಕು ವಿಷ, ಅದಕ್ಕೇ ಮನೆಯಲ್ಲಿ ಮಾಡಬೇಕು" ಎನ್ನುತ್ತಾರೆ. ಅವರ ಬೆಂಬಲ ನನಗೆ ಬೇಡ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳ 235 ಕೇಕಿನ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಮಿತಿಮೀರಿತ್ತು. ಆ 12ರ ಸುದ್ದಿ ಎಲ್ಲರಿಗೂ ಗೊತ್ತು. ಉಳಿದ 223 ಸರಿಯಾಗಿದ್ದವು ಎಂಬುದನ್ನು ಯಾರೂ ಹೇಳುವುದಿಲ್ಲ. ಬೇಕರಿಯವರೂ, ಮನೆಯಲ್ಲೇ ಕೇಕು ಅಲಂಕರಿಸಿ ಮಾರುವ ಹೆಣ್ಣುಮಕ್ಕಳೂ ದುಡಿದು ತಿನ್ನುವವರು. ಅವರ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶವಲ್ಲ. ನನ್ನ ಜಗಳ ಇರುವುದು ಗೋಪುರದೊಂದಿಗೆ. ಗೋಪುರಕ್ಕೆ ತುದಿ ಇರುತ್ತದೆ, ತುದಿ ಯಾರಿಗೋ ಒಬ್ಬರಿಗೆ. ಟ್ರೇಗೆ ತುದಿ ಇಲ್ಲ.

ವಾದ ಸಾಕು, ಒಲೆಯ ಹತ್ತಿರ ಬನ್ನಿ. ಎಲ್ಲಕ್ಕೂ ಒಂದೇ ಲೋಟ ಇಟ್ಟುಕೊಳ್ಳಿ, ಸುಮಾರು 240 ಮಿಲಿಲೀಟರಿನದು. 3 ಲೋಟ ಮೈದಾ, ಒಂದೂವರೆ ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು, ಮೂರನ್ನೂ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಮುಕ್ಕಾಲು ಲೋಟ ಕೋಕೋ ಪುಡಿಯ ಮೇಲೆ ಒಂದೂಕಾಲು ಲೋಟ ಕುದಿಯುವ ನೀರು ಸುರಿದು ಗಂಟಿಲ್ಲದಂತೆ ಕಲಸಿ. ಹಾಲಿಗೆ ಹಾಕುವ ಸಕ್ಕರೆ ಬೆರೆಸಿದ ಚಾಕೊಲೇಟ್ ಪುಡಿ ಅಲ್ಲ, ಬರೀ ಕೋಕೋ, ನೆನಪಿರಲಿ. ಬಿಸಿನೀರು ಬಿದ್ದಾಗಲೇ ಕೋಕೋದ ಪರಿಮಳ ಬಿಡುವುದು. ದೊಡ್ಡವರಿಗಾದರೆ ನೀರಿಗೆ ಸ್ವಲ್ಪ ಕಾಫಿ ಡಿಕಾಕ್ಷನ್ ಸೇರಿಸಿ, ರುಚಿ ಇನ್ನೂ ಗಾಢವಾಗುತ್ತದೆ. ಇದು ಆರಿದ ಮೇಲೆ 2 ಲೋಟ ಸಕ್ಕರೆ, ಮೂರರಲ್ಲಿ ಎರಡು ಪಾಲು ಲೋಟ ವಾಸನೆಯಿಲ್ಲದ ಎಣ್ಣೆ, 1 ಲೋಟ ಹುಳಿಮೊಸರು, 1 ದೊಡ್ಡ ಚಮಚ ನಿಂಬೆರಸ, 2 ಟೀ ಚಮಚ ವೆನಿಲಾ ಎಸೆನ್ಸ್ ಹಾಕಿ ಸಕ್ಕರೆ ಕರಗುವವರೆಗೆ ತಿರುವಿ.

ಓವನ್ 180 ಡಿಗ್ರಿಗೆ ಕಾಯ್ದ ಮೇಲೆಯೇ ಹಿಟ್ಟನ್ನು ಇದಕ್ಕೆ ಸೇರಿಸಿ. ಹುಳಿ ಮತ್ತು ಸೋಡಾ ನಿಮಗಾಗಿ ಕಾಯುವುದಿಲ್ಲ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕೇಕು ರಬ್ಬರಾಗುತ್ತದೆ. ಬಿಳಿ ಹಿಟ್ಟು ಕಾಣದಾದ ಕೂಡಲೆ ಕೈ ನಿಲ್ಲಿಸಿ, ಎಣ್ಣೆ ಸವರಿದ ಟ್ರೇಗೆ ಸುರಿದುಬಿಡಿ. 28 ನಿಮಿಷಕ್ಕೆ ಒಮ್ಮೆ ಕಡ್ಡಿ ಚುಚ್ಚಿ ನೋಡಿ. ಕಡ್ಡಿ ಪೂರ್ತಿ ಒಣಗಿ ಬಂದರೆ ತಡವಾಯಿತು ಎಂದೇ ಅರ್ಥ. ಒಂದೆರಡು ತೇವದ ಪುಡಿ ಅಂಟಿರಬೇಕು, ಹಸಿ ಹಿಟ್ಟು ಇರಬಾರದು. 30ರಿಂದ 35 ನಿಮಿಷದಲ್ಲಿ ಆಗುತ್ತದೆ. ಕೇಕು ಮೆತ್ತಗೆ, ತೇವವಾಗಿ ಉಳಿಯುವ ಗುಟ್ಟು ಇಷ್ಟೇ: ಬೆಣ್ಣೆಯಂತೆ ಗಟ್ಟಿಯಾಗದ ಎಣ್ಣೆ, ಮೊಸರು, ಮತ್ತು ಸರಿಯಾದ ಹೊತ್ತಿಗೆ ಓವನ್ನಿನ ಬಾಗಿಲು ತೆಗೆಯುವ ಧೈರ್ಯ.

ಮೇಲಿನ ಹೊದಿಕೆಗೆ 100 ಗ್ರಾಂ ಬೆಣ್ಣೆ, 4 ದೊಡ್ಡ ಚಮಚ ಕೋಕೋ, 6 ದೊಡ್ಡ ಚಮಚ ಹಾಲು ಒಂದು ಕುದಿ ಬರಿಸಿ ಇಳಿಸಿ, 2 ಲೋಟ ಪುಡಿ ಸಕ್ಕರೆಯನ್ನು ಜರಡಿ ಹಿಡಿದು ಬೆರೆಸಿ. ಕೇಕು ಬೆಚ್ಚಗಿರುವಾಗಲೇ ಇದನ್ನು ಸುರಿದರೆ ತಾನಾಗಿ ಹರಡಿ, ಮೇಲೆ ತೆಳ್ಳಗೆ ಹೊಳೆಯುವ ಪದರವಾಗುತ್ತದೆ. ಹೂವಿಲ್ಲ, ಹೆಸರಿಲ್ಲ. ರಾತ್ರಿ ಮುಚ್ಚಿಟ್ಟರೆ ಮರುದಿನ ಇನ್ನೂ ರುಚಿ. ಓವನ್ ಚಿಕ್ಕದಾದರೆ ಎಲ್ಲವನ್ನೂ ಅರ್ಧ ಮಾಡಿ, 8 ಇಂಚಿನ ಚೌಕ ಟ್ರೇಯಲ್ಲಿ ಮಾಡಿ.

ಶನಿವಾರ ತರಗತಿಯಲ್ಲಿ ಟ್ರೇ ಇಟ್ಟರೆ ಮೊದಲ ಕೆಲಸ ಮಕ್ಕಳದು. ತೊಳೆದ ಸ್ಕೇಲು ಹಿಡಿದು ಅಗಲಕ್ಕೆ 6, ಉದ್ದಕ್ಕೆ 8 ಭಾಗ ಗುರುತು ಮಾಡುತ್ತಾರೆ. 48 ತುಂಡು. 42 ಮಕ್ಕಳಿಗೆ, ಉಳಿದ 6ರಲ್ಲಿ ಒಂದು ಆಯಾಗೆ, ಒಂದು ನನಗೆ, ಮಿಕ್ಕವು ಸ್ಟಾಫ್ ರೂಮಿಗೆ. ಸಮಾನತೆಗೂ ತಕರಾರು ಇದ್ದೇ ಇದೆ. ಅಂಚಿನ ತುಂಡು ಚೂರು ಗರಿಗರಿ, ಅದೇ ಬೇಕು ಎಂದು ಜಗಳ. ಅದಕ್ಕೆ ಚೀಟಿ ಎತ್ತುತ್ತೇವೆ.

ಆ ಹುಡುಗಿಯ ಹುಟ್ಟುಹಬ್ಬ ಅದೇ ತಿಂಗಳಿನದು. ಮೊದಲ ಶನಿವಾರದ ಕೇಕಿನಲ್ಲಿ ಅವಳ ಪಾಲೂ ಇತ್ತು, ಅಂದು ಸ್ಕೇಲು ಹಿಡಿದವಳು ಅವಳೇ. ಗೀಟು ಎಳೆಯುವಾಗ ನನ್ನನ್ನು ಕೇಳಿದಳು, "ಟೀಚರ್, ಬರ್ತ್‌ಡೇ ಇರೋರಿಗೆ ದೊಡ್ಡ ತುಂಡಾ?"

"ಇಲ್ಲಮ್ಮ, ಎಲ್ಲರಿಗೂ ಒಂದೇ."

"ಹಂಗಾದ್ರೆ ಸರಿ" ಎಂದವಳು ಬಗ್ಗಿ ಗೀಟು ಎಳೆದಳು. ಮುಂದಿನ ವರ್ಷವೂ ನಮ್ಮ ಶಾಲೆಯಲ್ಲೇ ಓದಿದಳು, ಹುಟ್ಟಿದ ದಿನ ಶಾಲೆಗೆ ಬಂದಳು. ಹಾಜರಿ ಪುಸ್ತಕ ತೆಗೆದು ನೋಡಿದ್ದೇನೆ.

ಇನ್ನು ಅಲಂಕಾರದ ಪರ ವಾದಿಸುವವರು ಬರಲಿ. ಟ್ರೇ ಸಿದ್ಧವಾಗಿದೆ.